ಲಟಕ್ ಅಂದರೆ ಲಟಕ್

ಡ್ರೈವರಕ್ಕನ ಕಿವಿಯ ಮೇಲೆ ಅನುಮಾನಪಟ್ಟ ಮಹಾನುಭಾವರಿಗೆ ಆ ಕಿವಿ ಎಲ್ಲಿ ಪಳಗಿದ್ದು ಅನ್ನುವುದು ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಕೇಳಬಹುದಿತ್ತು. ಬಾಯಿಬಿಟ್ಟು ಒಂದು ಮಾತು ಕೇಳುವುದಕ್ಕೆ ಯಾರೂ ಸುಂಕ ಹಾಕಿರಲಿಲ್ಲ. ಕೇಳಲಿಲ್ಲ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡಬೇಕು.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಬಟ್ಟೆ ಗಿರಣಿಗೆ ಸೇರಿದಳು. ಉದ್ದನೆಯ ಶೆಡ್ಡು, ತಗಡಿನ ಸೂರು, ಅದರಡಿ ನೂರಿಪ್ಪತ್ತು ಮಗ್ಗ. ಎಲ್ಲವೂ ಒಟ್ಟಿಗೆ ಓಡುವಾಗ ಪಕ್ಕದವಳು ಕಿವಿಗೆ ಬಾಯಿಟ್ಟು ಕಿರುಚಿದರೂ ತುಟಿ ಆಡಿದ್ದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಅಂಥ ಗದ್ದಲದ ನಡುವೆ ನಿಂತು, ತನ್ನ ಪಾಲಿನ ಎಂಟು ಮಗ್ಗಗಳಲ್ಲಿ ಯಾವುದರ ಲಾಳಿ ಚೂರು ತಡವಾಗಿ ಬಡಿಯಿತು, ಯಾವುದರ ಬೆಲ್ಟು ಸಡಿಲವಾಯಿತು ಎಂದು ಅವಳು ತಿರುಗಿ ನೋಡದೆ ಹೇಳುತ್ತಿದ್ದಳು. ಹೊಸದಾಗಿ ಬಂದ ಮೇಲ್ವಿಚಾರಕನೊಬ್ಬ ಇದೇನು ಮಾಟವೇ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಗಿರಣಿಯಲ್ಲೆಲ್ಲ ಓಡಾಡಿತ್ತು: "ಎಂಟು ಮಕ್ಕಳ ತಾಯಿಗೆ ಯಾವುದು ಅಳ್ತಿದೆ ಅಂತ ಎದ್ದು ಹೋಗಿ ನೋಡ್ಬೇಕಾ?"

ಹದಿಮೂರು ವರ್ಷವಾದ ಮೇಲೆ ಗಿರಣಿ ಮುಚ್ಚಿತು. ಜೊತೆಯವರು ಅಲ್ಲಿ ಇಲ್ಲಿ ಸೇರಿಕೊಂಡರು. ಇವಳು ಕಾರು ಕಲಿಯಲು ಹೋದಳು. ಕಲಿಸುವಾತ ಮೊದಲ ದಿನ ಮೂಗು ಮುರಿದ. ಹತ್ತನೇ ದಿನ, "ಎಲ್ಲರೂ ಸ್ಪೀಡಿನ ಮುಳ್ಳು ನೋಡ್ಕೊಂಡು ಗೇರು ಹಾಕ್ತಾರೆ, ನೀವೊಬ್ರೇ ಕೇಳ್ಕೊಂಡು ಹಾಕೋದು" ಎಂದ. ಅದಾದ ಮೇಲೆ ಮಂಡಿ ಹಿಡಿದವರಿಗೆ, ಸೊಂಟ ಉಳುಕಿದವರಿಗೆ, ಬಿದ್ದು ಮೂಳೆ ಕೂಡಿಸಿಕೊಂಡವರಿಗೆ ವ್ಯಾಯಾಮ ಮಾಡಿಸುವ ಕೇಂದ್ರವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಕೇಂದ್ರದ ಬಿಳಿ ಕಾರಿನಲ್ಲಿ ವಯಸ್ಸಾದವರನ್ನು ಮನೆಯಿಂದ ಕರೆತರುವುದು, ವ್ಯಾಯಾಮ ಮುಗಿದ ಮೇಲೆ ಬಿಟ್ಟು ಬರುವುದು. ಹನ್ನೊಂದು ವರ್ಷವಾಯಿತು, ಅವಳ ಕಾರಿನಲ್ಲಿ ಒಬ್ಬರೂ "ಅಯ್ಯೋ" ಅಂದದ್ದಿಲ್ಲ. ಅಂದರೂ ಅದು ಹತ್ತುವಾಗ, ಇಳಿಯುವಾಗ, ಕಾರು ಓಡುವಾಗಲ್ಲ. ಡ್ರೈವರಕ್ಕ ಎಂಬ ಹೆಸರು ಅಲ್ಲಿ ಅಂಟಿಕೊಂಡಿತು. ಅವಳ ದರ್ಜಿ ಗಂಡನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾನೆ.

ಇಂಥ ಕಿವಿಗೆ ಒಂದು ಸೋಮವಾರ ಬೆಳಿಗ್ಗೆ, ಕೇಂದ್ರದ ಗೇಟಿನಲ್ಲಿ, ಒಂದು ಶಬ್ದ ಬಿತ್ತು.

ಆ ಗೇಟು ದಾಟಿದ ಕೂಡಲೇ ಬಲಕ್ಕೆ ಗಕ್ಕನೆ ತಿರುಗಿ ಇಳಿಜಾರು ಹತ್ತಬೇಕು. ತಳ್ಳುಕುರ್ಚಿಯೂ ಕಾರೂ ಬಾಗಿಲವರೆಗೆ ಹೋಗಲೆಂದು ಅಗಲವಾಗಿ ಕಟ್ಟಿದ ಸಿಮೆಂಟಿನ ಇಳಿಜಾರು ಅದು. ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ಎಳೆದು ಕಾರು ಏರುವ ಹೊತ್ತಿಗೆ, ಎಡಗಡೆ ಮುಂದಿನ ಚಕ್ರದ ಕಡೆಯಿಂದ, ಒಂದೇ ಒಂದು ಸಲ:

ಲಟಕ್.

ಅಷ್ಟೇ. ಮತ್ತೆ ಇಲ್ಲ. ಕಾರು ನೆಟ್ಟಗಾಯಿತು, ಬಾಗಿಲ ಮುಂದೆ ನಿಂತಿತು, ಅಜ್ಜ ಅಜ್ಜಿಯರು ಇಳಿದು ಒಳಗೆ ಹೋದರು. ಡ್ರೈವರಕ್ಕ ಮಾತ್ರ ಸ್ಟಿಯರಿಂಗ್ ಹಿಡಿದು ಕೂತೇ ಇದ್ದಳು. ಮಂಗಳವಾರ ಆ ಶಬ್ದ ಬರಲಿಲ್ಲ. ಬುಧವಾರ ಬಂತು. ಗುರುವಾರ ಕಿವಿ ನಿಮಿರಿಸಿಕೊಂಡು ಕಾದಳು, ಬರಲಿಲ್ಲ. ಶುಕ್ರವಾರ ಮತ್ತೆ ಲಟಕ್.

"ಒಂದಿನ ಬರುತ್ತೆ, ಒಂದಿನ ಬರಲ್ಲ" ಎಂದು ಮನೆಯಲ್ಲಿ ಗಂಡನ ಮುಂದೆ ಹೇಳಿಕೊಂಡಳು.

ಅವನು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ನಿನ್ನ ತಮ್ಮನ ಥರ" ಎಂದ.

"ತಮಾಷೆ ಬೇಡ ರೀ. ಎಡಗಾಲು ಉಳುಕಿದವರು ಮೆಟ್ಟಿಲು ಹತ್ತೋವಾಗ ಕಾಲು ಲಟಕ್ ಅನ್ನುತ್ತಲ್ಲ, ಹಾಗೆ."

"ಗ್ಯಾರೇಜಿಗೆ ಹೋಗಿ ಹೇಳು. ನನಗೆ ಹೇಳಿದ್ರೆ ನಾನೇನು ಚಕ್ರಕ್ಕೆ ಅಂಚು ಹೊಲಿಯಲಾ?"

ಹೋದಳು. ಕೇಂದ್ರದವರು ಗೊತ್ತು ಮಾಡಿದ್ದ ದೊಡ್ಡ ಗ್ಯಾರೇಜು ಅದು. ಗ್ಯಾರೇಜು ಅಂದರೆ ಅವರಿಗೆ ಕೋಪ. ಸರ್ವೀಸ್ ಸೆಂಟರ್ ಅನ್ನಬೇಕು. ಮುಂದುಗಡೆ ಏಸಿ ಹಾಕಿದ ತಣ್ಣಗಿನ ಹಜಾರ, ಮೆತ್ತನೆ ಸೋಫಾ, ಕುಡಿಯಲು ಬಿಸಿ ಕಾಫಿಯ ಯಂತ್ರ. ಹಿಂದುಗಡೆ ಕೆಲಸ ನಡೆಯುವ ಜಾಗ. ನಡುವೆ ಗೋಡೆಯಷ್ಟು ದೊಡ್ಡ ಗಾಜು. ಗಾಜಿನ ಆಚೆ ಮೈಗೆಲ್ಲ ಮಸಿ ಮೆತ್ತಿಕೊಂಡವರು ಬಾಯಾಡಿಸುವುದು ಕಾಣುತ್ತದೆ, ಕೇಳುವುದಿಲ್ಲ. ಗಾಜಿನ ಬಾಗಿಲ ಮೇಲೆ 'ಗ್ರಾಹಕರಿಗೆ ಪ್ರವೇಶವಿಲ್ಲ' ಎಂಬ ಹಲಗೆ. ಕಾರಿನ ಗೋಳನ್ನು ಕೇಳುವವನು ಗಾಜಿನ ಈಚೆಗೆ, ಕಂಪ್ಯೂಟರಿನ ಹಿಂದೆ ಕೂತ ಟೈ ಕಟ್ಟಿದ ಗಂಡಸು. ವಯಸ್ಸು ಮೂವತ್ತೈದರ ಮೇಲೆ. ಟೈ ಮೇಲೆ ಒಂದು ಹನಿ ಎಣ್ಣೆಯ ಕಲೆಯೂ ಇರಲಿಲ್ಲ. ಅದನ್ನು ನೋಡಿದಾಗಲೇ ಡ್ರೈವರಕ್ಕನಿಗೆ ಅರ್ಧ ನಂಬಿಕೆ ಹೋಯಿತು.

"ಬಲಕ್ಕೆ ಪೂರ್ತಿ ತಿರುಗಿಸಿ ಏರು ಹತ್ತೋವಾಗ, ಎಡಗಡೆ ಮುಂದಿನ ಚಕ್ರದ ಹತ್ರ, ಒಂದೇ ಸಲ ಲಟಕ್ ಅನ್ನುತ್ತೆ" ಎಂದು ಬಿಡಿಸಿ ಬಿಡಿಸಿ ಹೇಳಿದಳು. ಮಗ್ಗ ಕೆಟ್ಟಾಗ ಮೇಸ್ತ್ರಿಗೆ ಹೀಗೇ ಹೇಳುತ್ತಿದ್ದದ್ದು. ಯಾವಾಗ, ಎಲ್ಲಿ, ಎಷ್ಟು ಸಲ, ಹೇಗೆ.

ಟೈ ಎರಡು ಗುಂಡಿ ಒತ್ತಿದ. "ಆಯ್ತು ಮೇಡಂ."

"ಪೂರ್ತಿ ಬರ್ಕೊಂಡ್ರಾ?"

"ಎಲ್ಲಾ ಸಿಸ್ಟಮ್ಮಲ್ಲಿದೆ ಮೇಡಂ. ಕಾಫಿ ತಗೊಳ್ಳಿ."

ಅವಳು ಕಾಫಿ ತೆಗೆದುಕೊಳ್ಳಲಿಲ್ಲ. ನಿಂತೇ ಇದ್ದಳು. ಒಬ್ಬ ಸಣಕಲ ಹುಡುಗ ಕಾರು ತೆಗೆದುಕೊಂಡು ಒಂದು ಸುತ್ತು ಹೊಡೆದು ಬಂದ. ಟೈ ನಗುತ್ತಾ ಹೊರಬಂದು, "ಏನೂ ಶಬ್ದ ಇಲ್ಲ ಮೇಡಂ. ನಿಮ್ಮ ಊಟದ ಡಬ್ಬಿ ಸೀಟಿನ ಕೆಳಗಿತ್ತು, ಅದರೊಳಗಿನ ಚಮಚ ಇರ್ಬೇಕು" ಎಂದ.

ಚಮಚ! ನೂರಿಪ್ಪತ್ತು ಮಗ್ಗದ ನಡುವೆ ಒಂದು ಲಾಳಿಯ ತಪ್ಪು ಹಿಡಿದವಳಿಗೆ ಚಮಚ ಯಾವುದು ಚಕ್ರ ಯಾವುದು ಗೊತ್ತಾಗುವುದಿಲ್ಲವಂತೆ. ಮೈಯೆಲ್ಲ ಉರಿದುಹೋಯಿತು. ಆದರೂ ಮರುದಿನದಿಂದ ಚಮಚ ಮನೆಯಲ್ಲಿಟ್ಟು ಕೈಯಲ್ಲೇ ಉಂಡಳು, ಆಮೇಲೆ ಯಾರೂ ಮಾತಾಡಬಾರದು ಅಂತ. ಲಟಕ್ ಬಂತು.

ಎರಡನೇ ಸಲ ಹೋದಾಗ ಅವಳು ಗಂಟಲು ಏರಿಸಿದ್ದರಿಂದ ಏನೋ ಮಾಡಲೇಬೇಕಾಯಿತು. ಕಾರನ್ನು ಎರಡು ದಿನ ಇಟ್ಟುಕೊಂಡು ಬಲಗಡೆಯ ಆಕ್ಸಲ್ ಬದಲಿಸಿದರು. ಎಂಜಿನ್ನಿನಿಂದ ಚಕ್ರಕ್ಕೆ ಹೋಗುವ ದಂಡ ಅದು. "ಬಲಗಡೆ ಯಾಕೆ? ನಾನು ಹೇಳಿದ್ದು ಎಡಗಡೆ" ಎಂದರೆ, "ಅವರು ನೋಡಿ ಮಾಡಿರ್ತಾರೆ ಮೇಡಂ, ಅವರಿಗೆ ಗೊತ್ತಿರುತ್ತೆ" ಎಂಬ ಉತ್ತರ. ಸೋಮವಾರ ಲಟಕ್. ಮೂರನೇ ಸಲ ಹೋದಾಗ ಅದೇ ಸಣಕಲ, ಅದೇ ಸುತ್ತು, ಅದೇ ನಗು. "ಹೊಸ ಆಕ್ಸಲ್ಲೇ ಹಾಕಿದೀವಿ. ಇನ್ನು ಶಬ್ದ ಬರೋಕೆ ಸಾಧ್ಯನೇ ಇಲ್ಲ ಮೇಡಂ" ಎಂದ ಟೈ, ಅವಳು ಆಚೆ ಹೋದ ಮೇಲೆ ಕೇಂದ್ರದ ಮ್ಯಾನೇಜರಿಗೆ ಫೋನು ಹಚ್ಚಿದ. ಗಾಡಿಯಲ್ಲಿ ದೋಷವಿಲ್ಲ, ಗಾಡಿ ಓಡಿಸುವವರನ್ನು ಒಮ್ಮೆ ಡಾಕ್ಟರಿಗೆ ತೋರಿಸಿದರೆ ಒಳ್ಳೆಯದು ಅಂತ.

ಒಬ್ಬ ಮನುಷ್ಯ ತನ್ನ ಕೈಲಾಗದ್ದನ್ನು ಮುಚ್ಚಿಕೊಳ್ಳಲು ಇನ್ನೊಬ್ಬರ ಅನ್ನದ ತಟ್ಟೆಗೆ ಕೈ ಹಾಕುವುದೆಂದರೆ ಇದು.

ಮಂಗಳವಾರ ಮ್ಯಾನೇಜರು ಅವಳನ್ನು ಕೋಣೆಗೆ ಕರೆಸಿದರು. ಒಳ್ಳೆಯ ಮಾತಿನ ಮನುಷ್ಯ. ಒಳ್ಳೆಯ ಮಾತಿನಲ್ಲೇ ಕುತ್ತಿಗೆ ಕುಯ್ಯುವವರು.

"ನೋಡಮ್ಮ, ನೀವು ಇಳಿಜಾರಲ್ಲಿ ಗಾಡಿ ನಿಲ್ಲಿಸಿ ಕಿವಿ ಕೊಟ್ಟು ಕೇಳ್ತೀರಂತೆ. ಒಳಗೆ ಕೂತವರು ಹೆದರ್ಕೊಳ್ತಾರೆ."

"ಹೆದರ್ಕೋಬೇಕಾದ್ದೇ ಸಾರ್. ನನಗೂ ಹೆದರಿಕೆನೇ. ಗಾಡೀಲಿ ಏನೋ ಬಿಟ್ಕೊಂಡಿದೆ."

"ಮೂರು ಸಲ ನೋಡಿದ್ರಲ್ಲ? ಏನೂ ಶಬ್ದ ಇಲ್ಲ ಅಂದ್ರಲ್ಲ? ನೀವು ಮೊದ್ಲು ಗಿರಣೀಲಿದ್ರಿ ಅಲ್ವಾ? ಗಿರಣಿಯವರಿಗೆ ಕಿವಿ ಹೋಗಿರುತ್ತೆ ಅಂತಾರೆ. ಒಂದು ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಕಿವಿ ಸರಿ ಇದೆ ಅಂತ ಕಾಗದ ತನ್ನಿ. ಇಲ್ಲಾ ಶನಿವಾರದೊಳಗೆ ಆ ಶಬ್ದನಾದ್ರೂ ತೋರಿಸಿ. ಎರಡೂ ಆಗ್ಲಿಲ್ಲ ಅಂದ್ರೆ ಶನಿವಾರ ಕೀ ಕೊಟ್ಬಿಡಿ. ಕೆಲಸದಿಂದ ತೆಗೆಯಲ್ಲ, ಭಯ ಬೇಡ. ಟೋಕನ್ ಕೌಂಟರಲ್ಲಿ ಕೂತ್ಕೊಳ್ಳಿ. ತಣ್ಣಗಿರುತ್ತೆ."

ತಣ್ಣಗಿರುತ್ತೆ! ಸ್ಟಿಯರಿಂಗ್ ಹಿಡಿದ ಕೈಗೆ ಟೋಕನ್ ಬಿಲ್ಲೆ. ಅವಳು ಬಾಗಿಲು ತೆರೆದು ಆಚೆ ಬಂದಳು, ಆ ಬಾಗಿಲು ಮುಚ್ಚಿದ ರೀತಿಗೆ ಗೋಡೆಯ ಕ್ಯಾಲೆಂಡರು ಓರೆಯಾಯಿತು.

ಬುಧವಾರ ಮಧ್ಯಾಹ್ನ ಕಿವಿಯ ಪರೀಕ್ಷೆಯೂ ಆಯಿತು. ಸ್ಪಂಜು ಹೊದೆಸಿದ ಒಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಮುಚ್ಚಳ ಹಾಕಿ, ಶಬ್ದ ಕೇಳಿಸಿದಾಗೆಲ್ಲ ಗುಂಡಿ ಒತ್ತಿ ಅಂದರು. ಒತ್ತಿದಳು. ಕಾಗದ ಬಂತು. ಬಲಗಿವಿ ಸರಿ. ಎಡಗಿವಿ ಸರಿಯೇ, ಆದರೆ ತೀರ ಸಣ್ಣ ಕೀಚಲು ಸ್ವರಗಳಿಗೆ ತುಸು ಮಂದ. ಪರೀಕ್ಷೆ ಮಾಡಿದಾಕೆ, "ಸೊಳ್ಳೆ ಗುಂಯ್ ಅನ್ನೋದು ಎಡಗಡೆ ಸ್ವಲ್ಪ ಕಡಿಮೆ ಕೇಳುತ್ತೆ ಅಷ್ಟೇ, ಪುಣ್ಯವಂತರು ನೀವು" ಎಂದು ನಕ್ಕಳು. ಕಾಗದ ನೋಡಿದ ಮ್ಯಾನೇಜರು ನಗಲಿಲ್ಲ. 'ಮಂದ' ಎಂಬ ಪದದ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದರು.

"ಎಡಗಿವಿ ಅಂತ ಇಲ್ಲೇ ಇದೆಯಲ್ಲಮ್ಮ. ನಿಮ್ಮ ಶಬ್ದನೂ ಎಡಗಡೆನೇ."

"ಸಾರ್, ಮಂದ ಅಂದ್ರೆ ಇರೋ ಶಬ್ದ ಕೇಳಿಸಲ್ಲ ಅಂತ. ಇಲ್ಲದ ಶಬ್ದ ಕೇಳಿಸುತ್ತೆ ಅಂತಾನಾ?"

"ಅದೆಲ್ಲ ನನಗೆ ಗೊತ್ತಿಲ್ಲ. ಕಾಗದದಲ್ಲಿ ಇರೋದು ಹೇಳಿದೆ. ಶನಿವಾರದವರೆಗೆ ನೋಡೋಣ."

ಆ ಸಂಜೆ ಡ್ರೈವರಕ್ಕ ಹೊಲಿಗೆ ಯಂತ್ರದ ಪಕ್ಕ ಮಣೆ ಹಾಕಿಕೊಂಡು ಸುಮ್ಮನೆ ಕೂತಳು. ಗಂಡನಿಗೆ ಗಾಬರಿಯಾಯಿತು. ಬೈದರೆ ಅವನಿಗೆ ಅಭ್ಯಾಸವಿತ್ತು, ಸುಮ್ಮನಿದ್ದರೆ ಇರಲಿಲ್ಲ.

"ರೀ, ನಿಜವಾಗ್ಲೂ ನನ್ನ ಕಿವೀನೇ ಕೆಟ್ಟಿದ್ರೆ?"

ಹನ್ನೊಂದು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಮೊದಲ ಸಲ. ಆ ಟೈ, ಆ ಮ್ಯಾನೇಜರ ಮೇಲೆ ನಿಜವಾಗಿ ಸಿಟ್ಟು ಬರಬೇಕಾದದ್ದು ಇಲ್ಲಿ. ಕೀ ಕಿತ್ತುಕೊಳ್ಳುವ ಮಾತಿರಲಿ, ಕೀಗಿಂತ ಮೊದಲು ಅವಳು ತನ್ನನ್ನು ನಂಬುವುದನ್ನೇ ಕಿತ್ತುಕೊಂಡಿದ್ದರು.

ಗಂಡ ಯಂತ್ರದ ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದ. "ಏನು ಕೇಳುತ್ತೆ?"

"ಸೂಜಿ ಸೊಟ್ಟಗಾಗಿದೆ. ತಗಡಿಗೆ ತಾಗ್ತಿದೆ."

ಅವನು ಸೂಜಿ ಬಿಚ್ಚಿ ಬೆಳಕಿಗೆ ಹಿಡಿದ. ಹೌದು, ಕೂದಲೆಳೆಯಷ್ಟು ಸೊಟ್ಟ. "ಮುಚ್ಕೊಂಡು ಊಟ ಮಾಡು" ಎಂದ. ಗಂಡಂದಿರು ಧೈರ್ಯ ಹೇಳುವ ರೀತಿಯೇ ಅಷ್ಟು.

ಶುಕ್ರವಾರ ಬಂತು. ಆ ದಿನ ಮುಂದಿನ ಸೀಟಿನಲ್ಲಿ, ಅವಳ ಎಡಗಡೆ, ಕಂಡಕ್ಟರಜ್ಜ. ಬಸ್ಸಿನಲ್ಲಿ ಮೂವತ್ತು ವರ್ಷ ಸೀಟಿ ಊದಿ ಊದಿ ಎರಡೂ ಕಿವಿ ಕೈಕೊಟ್ಟ, ಕಿರುಚಿದರೆ ಮಾತ್ರ ಕೇಳಿಸುವ ಮನುಷ್ಯ. ಒಂದು ಕ್ವಿಂಟಲಿಗೆ ಒಂದೆರಡು ಕೆಜಿ ಹೆಚ್ಚೇ ಇರುವ ದೇಹ. ಬಲಮಂಡಿಯ ನೋವಿಗೆಂದು ಬರುತ್ತಿದ್ದರು. ಕಾರು ಹೊರಡಬೇಕಾದರೆ ಬಾಗಿಲಿಗೆ ಎರಡು ಸಲ ಬಡಿದು "ರೈಟ್!" ಅನ್ನಲೇಬೇಕು, ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ.

ಕೇಂದ್ರದ ಗೇಟು ಹತ್ತಿರವಾಯಿತು. ಡ್ರೈವರಕ್ಕ ಸ್ಟಿಯರಿಂಗಿಗೆ ಕೈ ಬಿಗಿ ಮಾಡಿದ್ದೇ ತಡ, ಅಜ್ಜ ಕೂಗಿದರು:

"ಮಗಳೇ, ಇಲ್ಲಿ ಸ್ವಲ್ಪ ನಿಧಾನ! ಈ ತಿರುವಲ್ಲೇ ನನ್ನ ಮಂಡಿ ಲಟಕ್ ಅನ್ನೋದು."

ಅವಳು ಬ್ರೇಕಿನ ಮೇಲೆ ಕಾಲಿಟ್ಟದ್ದಕ್ಕೆ ಹಿಂದೆ ಕೂತ ಅಜ್ಜಿಯ ಊರುಗೋಲು ಮುಂದೆ ಬಂತು.

"ಏನಂದ್ರಿ ಅಜ್ಜಾ?"

"ಆಂ?"

"ಏನು ಅನ್ನುತ್ತೆ ಅಂದ್ರಿ?" ಅವಳು ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

"ಲಟಕ್ ಅನ್ನುತ್ತೆ ಕಣಮ್ಮ, ಎಡಮಂಡಿ! ಬಲಮಂಡಿಗೆ ಬಂದೋನು ನಾನು. ಒಂದು ತಿಂಗಳಿಂದ ಎಡದ್ದೂ ಶುರುವಾಯ್ತು ಅಂದಿದ್ದಕ್ಕೆ ಒಳಗೆ ಎರಡನ್ನೂ ಹಿಡಿದು ತಿರುಚ್ತಿದಾರೆ."

"ಕಿವಿಗೆ ಕೇಳಿಸುತ್ತಾ?"

"ಕಿವಿಗೆ ಕೇಳಿಸೋ ಹಾಗಿದ್ರೆ ನೀನು ಯಾಕೆ ಹೀಗೆ ಅರಚ್ತಿದ್ದೆ? ಅಂಗಾಲಿಗೆ ಬರುತ್ತೆ. ಅಲ್ಲಿಂದ ಮಂಡಿಗೆ."

"ಮನೇಲಿ ಬರುತ್ತಾ? ಎದ್ದು ಕೂತು ಮಾಡೋವಾಗ?"

ಅಜ್ಜ ಯೋಚಿಸಿದರು. "ಇಲ್ಲ. ಇಲ್ಲಿ ಮಾತ್ರ."

ಡ್ರೈವರಕ್ಕ ಬೆರಳು ಮಡಚಿ ಎಣಿಸಿದಳು. ಸೋಮವಾರ, ಬುಧವಾರ, ಶುಕ್ರವಾರ. ಕಂಡಕ್ಟರಜ್ಜ ಬರುವುದೂ ಸೋಮವಾರ, ಬುಧವಾರ, ಶುಕ್ರವಾರ! ಮಂಗಳವಾರ, ಗುರುವಾರ ಮುಂದಿನ ಸೀಟಿನಲ್ಲಿ ಕೂರುವುದು ಗುಬ್ಬಿಯಂಥ ಒಬ್ಬ ಅಜ್ಜಿ. ಗ್ಯಾರೇಜಿನ ಸಣಕಲನಂತೂ ಒಬ್ಬನೇ ಕೂತು ಓಡಿಸಿದವನು. ಕಿವಿಯ ದೋಷವಾಗಿದ್ದರೆ, ಪಕ್ಕದಲ್ಲಿ ಯಾರು ಕೂತಿದ್ದಾರೆ, ಅವರ ತೂಕವೆಷ್ಟು ಅಂತ ಆ ಕಿವಿಗೆ ಹೇಗೆ ಗೊತ್ತಾಗಬೇಕು?

ಅವಳು ಹಿಂದಿನವರನ್ನು ಒಳಗೆ ಕಳಿಸಿದಳು. ಅಜ್ಜನನ್ನು ಮೆಟ್ಟಿಲ ಮೇಲೆ ಕೂರಿಸಿ ಒಬ್ಬಳೇ ಕಾರು ತಿರುಗಿಸಿ ಇಳಿಜಾರು ಹತ್ತಿಸಿದಳು. ಶಬ್ದವಿಲ್ಲ. ಅಜ್ಜನನ್ನು ಹಿಂದಿನ ಸೀಟಿಗೆ ಹಾಕಿದಳು. ಶಬ್ದವಿಲ್ಲ. ಮತ್ತೆ ಮುಂದೆ ಕೂರಿಸಿದಳು, ಪೂರ್ತಿ ಬಲಕ್ಕೆ ಎಳೆದಳು. ಲಟಕ್! ಅಜ್ಜ ಅದೇ ಗಳಿಗೆಗೆ "ಹಾ, ನೋಡು!" ಎಂದು ಎಡಮಂಡಿ ಹಿಡಿದುಕೊಂಡರು.

"ಅದು ನಿಮ್ಮ ಮಂಡಿ ಅಲ್ಲ ಅಜ್ಜಾ! ಗಾಡೀ ಮಂಡಿ!"

"ಆಂ?"

"ಗಾಡೀ ಮಂಡಿ!"

"ಹಾಗಾದ್ರೆ ಒಂದು ತಿಂಗಳು ನನ್ನ ಕಾಲು ಯಾಕೆ ತಿರುಚಿದ್ರು, ಕಳ್ ನನ್ಮಕ್ಳು!"

ಅಲ್ಲಿಗೆ ಸಿಟ್ಟು ಮಾಡಿಕೊಂಡವರು ಇಬ್ಬರಾದರು. ಕೇಂದ್ರದ ಇನ್ನೊಂದು ಗಾಡಿಯವನಿಗೆ ಆ ದಿನದ ಉಳಿದವರನ್ನು ನೋಡಿಕೊಳ್ಳಲು ಹೇಳಿ, ವ್ಯಾಯಾಮವನ್ನೂ ಬಿಟ್ಟು, ಇಬ್ಬರೂ ನೆಟ್ಟಗೆ ಗ್ಯಾರೇಜಿಗೆ ಹೊರಟರು. ಅಜ್ಜ ದಾರಿಯುದ್ದಕ್ಕೂ "ರೈಟ್, ರೈಟ್" ಎನ್ನುತ್ತಲೇ ಇದ್ದರು.

"ಮತ್ತೆ ಬಂದ್ರಾ ಮೇಡಂ?" ಎಂದ ಟೈ. ಅಂದದ್ದು ಬಾಯಿ, ನಕ್ಕದ್ದು ಕಣ್ಣು.

"ಬಂದೆ. ನಿಮ್ಮ ಹತ್ರ ಮಾತಾಡೋಕಲ್ಲ. ಗಾಡಿಗೆ ಕೈ ಹಾಕೋರು ಯಾರು? ಅವರನ್ನ ಕರೀರಿ."

"ಮೆಕ್ಯಾನಿಕ್ಕು ಗ್ರಾಹಕರ ಜೊತೆ ಮಾತಾಡೋ ಹಾಗಿಲ್ಲ ಮೇಡಂ. ನನಗೆ ಹೇಳಿ, ನಾನು ತಿಳಿಸ್ತೀನಿ."

"ನೀವು ಮೂರು ಸಲ ತಿಳಿಸಿದ್ದು ಸಾಕು."

ಅವಳು ಹಜಾರದಿಂದ ಹೊರಗೆ ಹೋದಳು. ಸೋತು ಹೋದಳು ಅಂತ ಟೈ ಅಂದುಕೊಂಡಿರಬೇಕು. ಕಟ್ಟಡವನ್ನು ಸುತ್ತು ಹಾಕಿ, ಹಿಂದುಗಡೆ ದುರಸ್ತಿ ಗಾಡಿಗಳು ನುಗ್ಗುವ ಶಟರಿನೊಳಗೆ, ಅಜ್ಜನ ಸಮೇತ, ಹಾರನ್ ಒತ್ತುತ್ತಲೇ ಕಾರು ತಂದು ನಿಲ್ಲಿಸಿದಳು. ಮಸಿ ಮೈಯವರೆಲ್ಲ ತಿರುಗಿ ನೋಡಿದರು. ಟೈ ಗಾಜಿನ ಬಾಗಿಲು ತೆರೆದುಕೊಂಡು ಓಡಿಬಂದ.

"ಮೇಡಂ, ಇಲ್ಲಿ ಬರೋ ಹಾಗಿಲ್ಲ! ಹಲಗೆ ಹಾಕಿದೀವಲ್ಲ!"

ಅಜ್ಜ ಕಿಟಕಿಯಿಂದ ಕೈ ಹಾಕಿ ಬಾಗಿಲು ಬಡಿದರು. "ಹೋಲ್ಡಾನ್! ನಾನು ಇಳಿಯಲ್ಲ!"

ಗಾಡಿಯಡಿ ನಿಂತು ಕೆಲಸ ಮಾಡುವ ಗುಂಡಿಯೊಳಗಿಂದ ಒಬ್ಬ ಬೋಳುತಲೆಯ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದ. ಅರವತ್ತರ ಹತ್ತಿರದವನು. ಕಾರಿನ ನಂಬರು ನೋಡಿ ಅವನ ಮುಖ ಕಹಿಯಾಯಿತು.

"ಈ ಗಾಡೀನಾ? ಇದರಿಂದ ನನ್ನ ಮಾನ ಹೋಯ್ತಲ್ಲಮ್ಮ. ಹೊಸ ಆಕ್ಸಲ್ ಹಾಕಿದ್ರೂ ಶಬ್ದ ಹೋಗಿಲ್ಲ, ನಿನಗೆ ಕೆಲಸ ಬರಲ್ಲ, ವಯಸ್ಸಾಯ್ತು ಅಂತ ಎಲ್ಲರ ಮುಂದೆ ಅನ್ನಿಸ್ಕೊಂಡೆ."

"ನನಗೆ ಕಿವಿ ಕೇಳಲ್ಲ ಅಂದ್ರು!"

ಮೇಸ್ತ್ರಿ ಅವಳ ಕಿಟಕಿಯ ಹತ್ತಿರ ಬಂದು ಬಗ್ಗಿದ.

"ಅದೆಂಥ ಶಬ್ದ ತಾಯಿ? ಬಾಯಲ್ಲಿ ಮಾಡಿ ತೋರಿಸು" ಎಂದ ಮೇಸ್ತ್ರಿ.

"ಲಟಕ್."

"ಇನ್ನೊಂದು ಸಲ?"

"ಲಟಕ್. ಒಂದೇ ಸಲ. ಬಲಕ್ಕೆ ಪೂರ್ತಿ ತಿರುಗಿಸಿ ಏರಿದ್ರೆ, ಎಡಚಕ್ರದ ಹತ್ರ."

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬಿಸಾಡಿದ. ಗೋಡೆಗೆ ತೂಗುಹಾಕಿದ್ದ, ಟೈ ಬರೆದು ಕಳಿಸುವ ದುರಸ್ತಿ ಕಾರ್ಡುಗಳ ಹಳೆಯ ಕಟ್ಟಿನಿಂದ ಒಂದನ್ನು ಕಿತ್ತು ತಂದು ಅವಳ ಮುಂದೆ ಹಿಡಿದ. ಅವಳು ಬಿಡಿಸಿ ಬಿಡಿಸಿ ಹೇಳಿದ ಅಷ್ಟೂ ಮಾತು ಅದರಲ್ಲಿ ಎರಡೇ ಪದವಾಗಿ ಕೂತಿತ್ತು: 'ಬಲಗಡೆ ಕಟಕಟ.'

"ನನಗೆ ಬಂದಿದ್ದು ಇದು" ಎಂದ ಮೇಸ್ತ್ರಿ. "ಕಟಕಟ ಅಂದ್ರೆ ಚಕ್ರ ಸುತ್ತಿದಷ್ಟೂ ಸಲ ಬರೋದು. ಅದು ಆಕ್ಸಲ್ಲು. ಗುಂಯ್ ಅಂದ್ರೆ ಬೇರಿಂಗು. ಕಿರ್ರ್ ಅಂದ್ರೆ ಬುಷ್ಷು. ಒಂದೇ ಸಲ ಲಟಕ್ ಅಂದು ಸುಮ್ಮನಾದ್ರೆ ಅದು ಕೀಲು, ತಾಯಿ, ಕೀಲು! ಮೊದಲನೇ ದಿನವೇ ಈ ಒಂದು ಪದ ನನ್ನ ಕಿವಿಗೆ ಬಿದ್ದಿದ್ರೆ ಅರ್ಧ ಗಂಟೆ ಕೆಲಸ."

ಡ್ರೈವರಕ್ಕ ಟೈಯ ಕಡೆ ತಿರುಗಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನಾನು ಹೇಳಿದ್ದೇನು? ನೀವು ಬರೆದಿದ್ದೇನು?"

"ಸಿಸ್ಟಮ್ಮಲ್ಲಿ ನಾಲ್ಕೇ ಪದ ಇರೋದು ಮೇಡಂ. ಲಟಕ್ ಅಂತ ಇರಲಿಲ್ಲ. ಕಟಕಟಾನೂ ಲಟಕ್ಕೂ ಎರಡೂ ಒಂದೇ ಅಲ್ವಾ..."

"ಎರಡೂ ಒಂದೇನಾ? ಚಳಿಗೆ ಹಲ್ಲು ಕಟಕಟ ಅನ್ನುತ್ತೆ. ಬೆರಳು ಮುರಿದ್ರೆ ಲಟಕ್ ಅನ್ನುತ್ತೆ. ನಿಮ್ಮ ಹಲ್ಲೂ ಬೆರಳೂ ಒಂದೇನಾ? ಬಾಗಿಲು ತಟ್ಟೋದೂ ಒಡೆಯೋದೂ ಒಂದೇನಾ? ನಿಮ್ಮನ್ನ ಹೆತ್ತೋರು ಮಾತು ಕಲಿಸೋವಾಗ ನಾಲ್ಕೇ ಪದ ಕಲಿಸಿದ್ರಾ? ಪದ ಇಲ್ಲ ಅಂತ ನಿಮ್ಮ ಪೆಟ್ಟಿಗೇನ ಬೈಯೋದು ಬಿಟ್ಟು ನನ್ನ ಕಿವಿಗೆ ಹುಚ್ಚು ಹಿಡಿಸಿದ್ರಲ್ಲ! ಬಲಕ್ಕೆ ತಿರುಗಿಸಿದಾಗ ಅಂದ್ರೆ ಬಲಗಡೆ ಅಂತ ಯಾರು ಹೇಳಿದ್ರು ನಿಮಗೆ?"

ಗಾಜಿನ ಆಚೆ ಸೋಫಾದಲ್ಲಿ ಕಾಫಿ ಕುಡಿಯುತ್ತಿದ್ದವರು ಎದ್ದು ನಿಂತು, ಕೇಳದಿದ್ದರೂ, ತುಟಿಗಳನ್ನು ನೋಡುತ್ತಿದ್ದರು.

ಅಷ್ಟು ಹೊತ್ತಿಗೆ ಮೇಸ್ತ್ರಿ ಎಡಚಕ್ರದ ಪಕ್ಕ ಅಂಗಾತ ಮಲಗಿ ಒಳಗೆ ಕೈ ತೂರಿಸಿದ್ದ. "ಅಜ್ಜಾರು ಹಾಗೇ ಕೂತಿರ್ಲಿ. ತಾಯಿ, ನೀನು ಹತ್ತು. ನಿಧಾನಕ್ಕೆ ಎಡಕ್ಕೆ. ಹೂಂ. ಈಗ ಬಲಕ್ಕೆ. ಪೂರ್ತಿ ಎಳಿ."

ಲಟಕ್.

"ಕೈಗೆ ಸಿಕ್ತು!" ಎಂಬ ಕೂಗು ಚಕ್ರದ ಅಡಿಯಿಂದ ಬಂತು. "ಕಾಲಿಗೂ ಸಿಕ್ತು!" ಎಂಬ ಕೂಗು ಮುಂದಿನ ಸೀಟಿನಿಂದ ಬಂತು.

ಅಜ್ಜನನ್ನು ಇಳಿಸಿ, ಕಾರನ್ನು ಮೇಲಕ್ಕೆತ್ತಿ, ಮೇಸ್ತ್ರಿ ಒಂದು ಸಣ್ಣ ಹಾರೆ ತೂರಿಸಿ ಮೀಟಿದ. ಅಲ್ಲಾಡಬಾರದ್ದು ಹಾಲುಹಲ್ಲಿನಂತೆ ಅಲ್ಲಾಡಿತು. ಬಿಚ್ಚಿ ತೆಗೆದಾಗ ಅದು ಅಂಗೈಯಗಲದ ಒಂದು ಕಬ್ಬಿಣದ ತುಂಡು. ಬಟ್ಟಲಿನಂಥದರೊಳಗೆ ಗುಂಡು, ಥೇಟ್ ಮನುಷ್ಯನ ಸೊಂಟದ ಕೀಲಿನ ಹಾಗೆ. ಮೇಲಿನ ರಬ್ಬರ್ ಟೋಪಿ ಹರಿದು, ಗ್ರೀಸು ಒಣಗಿ, ಮಣ್ಣು ತುಂಬಿ, ಗುಂಡು ಸವೆದುಹೋಗಿತ್ತು.

"ಇದು ಕಳಚಿದ್ರೆ?" ಎಂದು ಅವಳು ಕೇಳಿದಳು. ಗಂಟಲು ಇಳಿದಿತ್ತು.

"ಚಕ್ರ ಮಡಚ್ಕೊಂಡು ಮಲಗಿಬಿಡುತ್ತೆ. ರಸ್ತೇಲಿ ಒಂದು ದೊಡ್ಡ ಗುಂಡಿ ಸಾಕಾಗಿತ್ತು." ಮೇಸ್ತ್ರಿ ಮುಂದಿನ ಎಡಗಡೆಯ ಸೀಟಿನ ಕಡೆ ಕಣ್ಣು ಹಾಯಿಸಿದ. ಆ ಸೀಟಿನಲ್ಲಿ ದಿನಕ್ಕೊಬ್ಬರು ಮೂಳೆ ಮುರಿದುಕೊಂಡು ಆಗಷ್ಟೇ ಎದ್ದು ನಿಂತವರು ಕೂತು ಓಡಾಡುತ್ತಿದ್ದರು.

ಹೊಸ ಕೀಲು ಮಧ್ಯಾಹ್ನಕ್ಕೆ ಕೂತಿತು. ಹೊರಡುವ ಮುಂಚೆ ಡ್ರೈವರಕ್ಕ ಕಾರ್ಡನ್ನು ಟೈಯ ಮುಂದೆ ಚಾಚಿದಳು.

"ತಿದ್ದಿ."

"ಸಿಸ್ಟಮ್ಮಲ್ಲಿ ತಿದ್ದೋಕೆ ಬರಲ್ಲ ಮೇಡಂ."

"ಕೈಲಿ ಬರೆಯೋಕೆ ಬರುತ್ತೋ ಅದೂ ಮರೆತುಹೋಯ್ತೋ?"

ಅವನು ಜೇಬಿನಿಂದ ಪೆನ್ನು ತೆಗೆದ. 'ಬಲಗಡೆ ಕಟಕಟ' ಎಂಬುದನ್ನು ಹೊಡೆದು ಹಾಕಿ, ಅವಳು ಹೇಳಿದಂತೆ ಒಂದೊಂದೇ ಪದ ಬರೆದ. 'ಲಟಕ್' ಎಂಬಲ್ಲಿ ಕೈ ತಡೆಯಿತು. "ಅರ್ಧ ಕ. ಪೂರ್ತಿ ಅಲ್ಲ" ಎಂದ ಮೇಸ್ತ್ರಿ ಭುಜದ ಹಿಂದಿನಿಂದ.

ಶನಿವಾರ ಬೆಳಿಗ್ಗೆ ಮ್ಯಾನೇಜರ ಮೇಜಿನ ಮೇಲೆ ಕಿವಿಯ ಕಾಗದ ಇನ್ನೂ ಹಾಗೇ ಇತ್ತು, ಗೆರೆ ಎಳೆದ ಪದದ ಸಮೇತ. ಡ್ರೈವರಕ್ಕ ಹಳೆಯ ಕೀಲನ್ನು ಅದರ ಮೇಲೆ ಕುಕ್ಕಿದಳು. ಮಣ್ಣು, ಗ್ರೀಸು ಕಾಗದಕ್ಕೆ ಮೆತ್ತಿಕೊಂಡವು. ಪಕ್ಕದಲ್ಲಿ ತಿದ್ದಿದ ಕಾರ್ಡು ಇಟ್ಟಳು.

"ಅಲ್ಲಾಡಿಸಿ ನೋಡಿ ಸಾರ್. ನಿಮ್ಮ ಕಿವಿ ಚೆನ್ನಾಗಿದೆಯಲ್ಲ."

ಮ್ಯಾನೇಜರು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಅದು ಅವರ ಕೈಯಲ್ಲೇ ಲಟಕ್ ಅಂದಿತು. ಅವರು ಕಾರ್ಡು ಓದಿದರು. ಕೆಮ್ಮಿದರು. ಕೊನೆಗೆ, ದೊಡ್ಡ ಮನಸ್ಸು ಮಾಡಿದವರ ಧಾಟಿಯಲ್ಲಿ, "ಸರಿಯಮ್ಮ, ಹಾಗಾದ್ರೆ ಸೋಮವಾರದಿಂದ ಗಾಡಿಗೆ ವಾಪಸ್ ಬನ್ನಿ" ಎಂದರು.

"ವಾಪಸ್ ಬರೋಕೆ ನಾನೆಲ್ಲಿ ಹೋಗಿದ್ದೆ ಸಾರ್? ಕೀ ನನ್ನ ಕೈಲೇ ಇದೆ." ಅವಳು ಕೀ ಎತ್ತಿ ತೋರಿಸಿದಳು. "ಆ ಕಿವಿ ಕಾಗದದ ಕೆಳಗೆ ಒಂದು ಸಾಲು ಬರೀರಿ. ಶಬ್ದ ಗಾಡೀದು, ಇವರದಲ್ಲ ಅಂತ. ಸಹಿ ಹಾಕಿ. ಆಮೇಲೆ ಫೈಲಿಗೆ ಹಾಕ್ಕೊಳ್ಳಿ."

"ಅಷ್ಟೆಲ್ಲ ಯಾಕಮ್ಮ, ಆಯ್ತಲ್ಲ..."

"ನಿಮಗೆ ಆಯ್ತು."

ಅವರು ಬರೆಯುವ ತನಕ ಅವಳು ಅಲ್ಲಾಡಲಿಲ್ಲ. ಕ್ಷಮಿಸಿ ಎಂಬ ಪದ ಅವರ ಬಾಯಿಂದ ಬರಲಿಲ್ಲ. ಅವರ ಸಿಸ್ಟಮ್ಮಿನಲ್ಲೂ ಆ ಪದ ಇರಲಿಲ್ಲವೇನೋ.

ಸೋಮವಾರ ಕಂಡಕ್ಟರಜ್ಜ ಎಂದಿನಂತೆ ಮುಂದೆ ಕೂತು, ಬಾಗಿಲಿಗೆ ಎರಡು ಸಲ ಬಡಿದು "ರೈಟ್!" ಎಂದರು. ಕೇಂದ್ರದ ಗೇಟು ಬಂತು. ಅವಳು ಪೂರ್ತಿ ಬಲಕ್ಕೆ ಎಳೆದಳು, ಉಸಿರು ಬಿಗಿಹಿಡಿದಳು. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಇಳಿಜಾರು ಹತ್ತಿತು. ಬಾಗಿಲ ಮುಂದೆ ನಿಂತಿತು. ಅವಳು ಉಸಿರು ಬಿಟ್ಟಳು. ಆಗ ಎಡಗಡೆಯಿಂದ ಸ್ಪಷ್ಟವಾಗಿ ಬಂತು:

ಲಟಕ್.

ಡ್ರೈವರಕ್ಕ ಗಕ್ಕನೆ ಎಡಕ್ಕೆ ತಿರುಗಿದಳು. "ಅಜ್ಜಾ!" ಎಂದು ಕಿರುಚಿದಳು. "ಈಗ ಬಂತಲ್ಲ! ಅಂಗಾಲಿಗೆ ಬಂತಾ?"

ಕಂಡಕ್ಟರಜ್ಜ ಇಳಿಯಲೆಂದು ಅರ್ಧ ಚಾಚಿದ ಬಲಗಾಲನ್ನು ನೀವಿಕೊಂಡರು.

"ಇದು ನಂದೇ ಮಗಳೇ. ಅಸಲಿ ಮಂಡಿ. ಕಾಲು ನೀಡಿದೆ." ಅನುಮಾನ ಬೇಡವೆಂದು ಮತ್ತೊಮ್ಮೆ ಮಡಚಿ ಬಿಡಿಸಿದರು. ಲಟಕ್.

ಅವಳು ಸೀಟಿಗೆ ಒರಗಿ, ದನಿ ಇಳಿಸಿ ಹೇಳಿದಳು:

"ಇಳೀರಿ. ಒಳಗೆ ಹೋಗಿ ಬಲಮಂಡಿ ಅಂತಲೇ ಹೇಳಿ, ಲಟಕ್ ಅಂತಲೇ ಹೇಳಿ. ಬರ್ಕೊಂಡಿದ್ದನ್ನ ನನಗೆ ತಂದು ತೋರಿಸಿ. ಕಟಕಟ ಅಂತೇನಾದ್ರೂ ಬರೆದಿದ್ರೆ ನಾನೇ ಒಳಗೆ ಬರ್ತೀನಿ."

ಅಜ್ಜನಿಗೆ ಅದರಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಬಾಗಿಲು ಬಡಿದು, "ರೈಟ್!" ಎಂದರು.